ಮಾಲು ಕೈಯಲ್ಲಿಟ್ಕೊಂಡು ಮಾರ್ಕೆಟ್ ಪುಸ್ತಕ ಓದ್ಬೇಡಿ

"ಅಣ್ಣ, ಶೇರ್ ಮಾರ್ಕೆಟ್ ಕಲೀಬೇಕು, ಯಾವ ಪುಸ್ತಕ ಓದ್ಲಿ?" ಅಂತ ತಿಂಗಳಿಗೆ ಒಬ್ಬರಾದ್ರೂ ಕೇಳ್ತಾರೆ. ಗೋಡೌನಿಗೆ ಚೀಲ ಇಳಿಸೋಕೆ ಅಪ್ಪನ ಜೊತೆ ಬಂದ ಹುಡುಗರು, ಬೆಂಗಳೂರಲ್ಲಿ ಕೆಲಸ ಮಾಡ್ಕೊಂಡು ಹಬ್ಬಕ್ಕೆ ಊರಿಗೆ ಬಂದವರು, ಹೀಗೆ. ಮುಂಚೆ ನಾಲ್ಕು ಹೆಸರು ಹೇಳಿ ಕಳಿಸ್ತಿದ್ದೆ. ಈಗ ನಾನೇ ತಿರುಗಿ ಕೇಳ್ತೀನಿ, "ಸದ್ಯಕ್ಕೆ ಯಾವುದಾದ್ರೂ ಶೇರು ಲಾಸಲ್ಲಿ ಇಟ್ಕೊಂಡು ಕೂತಿದೀಯಾ?" ಹೌದು ಅಂದ್ರೆ ಪುಸ್ತಕ ಕೊಡಲ್ಲ, ಮೊದ್ಲು ಅದನ್ನ ಏನ್ ಮಾಡ್ತೀಯ ಅಂತ ಒಂದು ಹಾಳೆಲಿ ಬರ್ಕೊಂಡು ಬಾ, ಆಮೇಲೆ ಕೊಡ್ತೀನಿ ಅಂತೀನಿ. ಹುಡುಗರಿಗೆ ಇದು ಸತಾಯಿಸೋ ಥರ ಅನ್ಸುತ್ತೆ. ಯಾಕೆ ಅಂತ ಹೇಳ್ತೀನಿ.

ನಮ್ಮದು ಚಿಕ್ಕಮಗಳೂರಲ್ಲಿ ಸಣ್ಣ ಕಾಫಿ ಮೆಣಸಿನ ವ್ಯಾಪಾರ. ಮುಂಚೆ ಬೆಳೆಗಾರರು ಬೆಳೆದಿದ್ದನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ, ಅಂದ್ರೆ ಎಲ್ಲರ ಮಾಲು ಒಟ್ಟಿಗೆ ಸೇರಿಸಿ ಬೋರ್ಡೇ ಮಾರೋ ವ್ಯವಸ್ಥೆಗೆ, ಹಾಕ್ಬೇಕಿತ್ತು, 90ರ ದಶಕದಲ್ಲಿ ಅದು ಹಂತ ಹಂತವಾಗಿ ಹೋಗಿ 1996ಕ್ಕೆ ಯಾರಿಗೆ ಬೇಕಾದ್ರೂ ಮಾರೋ ಸ್ವಾತಂತ್ರ್ಯ ಪೂರ್ತಿ ಸಿಕ್ತು, ಆಗ ಅಪ್ಪ ಶುರು ಮಾಡಿದ್ದು. ಆಲ್ದೂರು, ಮಲ್ಲಂದೂರು ಕಡೆಯ ಸಣ್ಣ ಬೆಳೆಗಾರರು ನಮ್ಮಲ್ಲಿಗೆ ಮಾಲು ತರ್ತಾರೆ. ಶೇರಿನ ಹುಚ್ಚು ನನಗೆ ಆಮೇಲೆ ಹತ್ತಿದ್ದು, ಅದರ ಹಿಂದೇನೇ ಪುಸ್ತಕದ ಹುಚ್ಚು. ಬೀರುವಿನಲ್ಲಿ ಈಗ ನಲವತ್ತರ ಹತ್ತಿರ ಇದೆ, ಅದರಲ್ಲಿ ನಿಜವಾಗ್ಲೂ ಉಪಯೋಗಕ್ಕೆ ಬಂದಿದ್ದು ಐದು, ಆ ಐದೂ ಮೊದಲನೇ ಸಲ ಓದಿದಾಗ ನನಗೆ ಲಾಭಕ್ಕಿಂತ ನಷ್ಟಾನೇ ಮಾಡಿದ್ವು. ಪುಸ್ತಕದ ತಪ್ಪಲ್ಲ ಅದು.

2018ರಲ್ಲಿ ಪಂಪ್‌ಸೆಟ್ ಮಾಡೋ ಒಂದು ಸಣ್ಣ ಕಂಪನಿ ಶೇರು ತಗೊಂಡೆ. ಹೆಸರು ಬೇಡ. ಎರಡು ತಿಂಗಳಲ್ಲಿ ಏರುತ್ತೆ, ಮಾರಿ ಈಚೆಗೆ ಬಂದ್ಬಿಡೋಣ ಅಂತ 240ಕ್ಕೆ ತಗೊಂಡಿದ್ದು. ಆ ವರ್ಷ ಸಣ್ಣ ಕಂಪನಿಗಳೆಲ್ಲ ಒಂದೇ ಸಮ ಇಳೀತಾ ಹೋದ್ವಲ್ಲ, ಇದೂ 170ಕ್ಕೆ ಬಂತು. ಆಗ ನಾನು ಓದ್ತಾ ಇದ್ದಿದ್ದು ಬೆಂಜಮಿನ್ ಗ್ರಹಾಂ ಅವರ 'ದಿ ಇಂಟೆಲಿಜೆಂಟ್ ಇನ್ವೆಸ್ಟರ್', 1949ರ ಪುಸ್ತಕ. ಅದರ 8ನೇ ಅಧ್ಯಾಯದಲ್ಲಿ ಮಿಸ್ಟರ್ ಮಾರ್ಕೆಟ್ ಅಂತ ಒಬ್ಬ ಆಸಾಮಿ ಬರ್ತಾನೆ, ನಿಮ್ಮ ಪಾರ್ಟ್‌ನರ್, ದಿನಾ ಬಂದು ನಿಮ್ಮ ಪಾಲಿಗೆ ಒಂದೊಂದು ರೇಟು ಹೇಳ್ತಾನೆ, ಒಂದಿನ ಖುಷಿಯಾಗಿದ್ದು ಜಾಸ್ತಿ ಹೇಳ್ತಾನೆ, ಇನ್ನೊಂದಿನ ಹೆದರ್ಕೊಂಡು ಕಮ್ಮಿ ಹೇಳ್ತಾನೆ, ಅವನ ಮಾತಿಗೆ ನೀವು ಕುಣೀಬೇಕಿಲ್ಲ ಅನ್ನೋದು ಸಾರ. ಓದಿದ ತಕ್ಷಣ ನನಗೆ ಎಷ್ಟು ಸಮಾಧಾನ ಆಯ್ತು ಗೊತ್ತಾ, ಓಹೋ ಮಾರ್ಕೆಟ್ಟಿಗೆ ತಲೆ ಕೆಟ್ಟಿದೆ, ನಾನು ಸರಿ ಇದೀನಿ ಅಂತ 170ಕ್ಕೆ ಇನ್ನಷ್ಟು, 130ಕ್ಕೆ ಇನ್ನಷ್ಟು ತಗೊಂಡೆ. ಕೊನೆಗೆ 60 ಚಿಲ್ಲರೆಗೆ ಮಾರಿ ಕೈ ತೊಳ್ಕೊಂಡೆ.

ತಮಾಷೆ ಏನಂದ್ರೆ ಅದೇ ಬೀರುವಿನಲ್ಲಿ ಅದೇ ಸಾಲಲ್ಲಿ 1923ರ ಇನ್ನೊಂದು ಪುಸ್ತಕ ಇತ್ತು, ಎಡ್ವಿನ್ ಲೆಫೆವ್ರ್ ಬರೆದ 'ರೆಮಿನಿಸೆನ್ಸಸ್ ಆಫ್ ಎ ಸ್ಟಾಕ್ ಆಪರೇಟರ್'. ಅದು ನಷ್ಟದಲ್ಲಿರೋದಕ್ಕೆ ಮತ್ತೆ ದುಡ್ಡು ಸುರೀಬೇಡ, ಇಳಿದಾಗ ಮತ್ತೆ ಕೊಂಡು ಆವರೇಜ್ ಮಾಡೋದಕ್ಕಿಂತ ದೊಡ್ಡ ದಡ್ಡತನ ಕಮ್ಮಿ ಇದೆ ಅಂತ ಸಾರಿ ಸಾರಿ ಹೇಳುತ್ತೆ. ಅದನ್ನೂ ನಾನು ಓದಿದ್ದೆ! ಆದ್ರೆ ಅದು ಟ್ರೇಡರ್‌ಗಳಿಗೆ ಹೇಳಿದ್ದು, ನಾನು ಇನ್ವೆಸ್ಟರ್ ಅಂತ ಪಕ್ಕಕ್ಕಿಟ್ಟೆ. ಎರಡು ತಿಂಗಳಿಗೆ ಅಂತ ತಗೊಂಡವನು ರೇಟು ಇಳಿದ ದಿನಾನೇ ಇನ್ವೆಸ್ಟರ್ ಆಗ್ಬಿಟ್ಟಿದ್ದೆ.

ಮಾರ್ಕೆಟ್ ಪುಸ್ತಕಗಳು ಒಂದಕ್ಕೊಂದು ಜಗಳ ಆಡ್ತವೆ, ಅದೇನ್ ತೊಂದರೆ ಅಲ್ಲ, ಬೇರೆ ಬೇರೆ ಕೆಲಸಕ್ಕೆ ಬರೆದವು. ತೊಂದರೆ ಇರೋದು ಕೈಯಲ್ಲಿ ಮಾಲಿದ್ದಾಗ ನಮ್ಮ ಕಣ್ಣು ನಮ್ಮ ಮಾಲಿನ ಪರವಾಗಿರೋ ಸಾಲನ್ನೇ ಹುಡುಕುತ್ತೆ ಅನ್ನೋದ್ರಲ್ಲಿ. ಕಾಫಿ ಸ್ಟಾಕ್ ಇಟ್ಕೊಂಡವರನ್ನ ನೋಡಿ, ಬ್ರೆಜಿಲಲ್ಲಿ ಚಳಿ, ಬೆಳೆ ಹೋಗಿ ರೇಟು ಏರುತ್ತೆ ಅನ್ನೋ ವಾಟ್ಸಾಪ್ ಮೆಸೇಜು ಹತ್ತು ಜನಕ್ಕೆ ಕಳಿಸ್ತಾರೆ, ಬ್ರೆಜಿಲಲ್ಲಿ ಒಳ್ಳೆ ಮಳೆ ಅನ್ನೋದನ್ನ ಓದಿ ಸುಮ್ನಿರ್ತಾರೆ.

ಹಾಗಾಗಿ ಓದೋ ಕ್ರಮದಲ್ಲಿ ಮೊದಲನೇ ಕೆಲಸ ಓದೋದಲ್ಲ, ಬರೆಯೋದು. ಐವತ್ತು ರೂಪಾಯಿಯ ಉದ್ದ ನೋಟ್‌ಬುಕ್ ಸಾಕು, ತೋಟದ ಲೆಕ್ಕ ಬರೆಯೋ ರೈಟ್ರು ಆಳುಗಳ ಹಾಜರಿಯ ಚೆಕ್‌ರೋಲ್ ಬರೀತಾರಲ್ಲ ಹಾಗೆ ಗೆರೆ ಹಾಕ್ಕೊಳ್ಳಿ. ತಗೊಂಡ ದಿನಾನೇ ಬರೀಬೇಕು, ಮಾರನೇ ದಿನ ಬರೆದ್ರೆ ಅಷ್ಟರಲ್ಲೇ ಮನಸ್ಸು ಕಥೆ ಕಟ್ಟಿರುತ್ತೆ. ಯಾವ ಶೇರು, ಎಷ್ಟಕ್ಕೆ, ಯಾಕೆ ತಗೊಂಡೆ, ಎಷ್ಟು ದಿನಕ್ಕೆ, ಏನಾದ್ರೆ ನಾನು ತಪ್ಪು ಅಂತ ಒಪ್ಕೋತೀನಿ. ಈ ಕೊನೇದೇ ಕಷ್ಟ. ಬಹಳ ಸಲ ಅಲ್ಲಿ ಬರೆಯೋಕೆ ಏನೂ ಹೊಳೆಯಲ್ಲ, ಹೊಳೆದಿಲ್ಲ ಅಂದ್ರೆ ಸುಮ್ನೆ ಯಾರೋ ಹೇಳಿದ್ರು ಅಂತ ತಗೊಳ್ತಿದೀರ ಅಂತಾನೇ ಅರ್ಥ.

ಇದಕ್ಕೆ ಒಂದು ಒಳ್ಳೆ ಉಪಾಯ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಅವರ 'ಥಿಂಕಿಂಗ್, ಫಾಸ್ಟ್ ಅಂಡ್ ಸ್ಲೋ' (2011) ಪುಸ್ತಕದಲ್ಲಿದೆ, ಅದು ಗ್ಯಾರಿ ಕ್ಲೈನ್ ಅನ್ನೋ ಇನ್ನೊಬ್ಬ ಮನಶ್ಶಾಸ್ತ್ರಜ್ಞರದ್ದು ಅಂತ ಅವರೇ ಹೇಳ್ತಾರೆ. ಒಂದು ವರ್ಷ ಆಗಿದೆ ಅಂದ್ಕೊಳ್ಳಿ, ನೀವು ಮಾಡಿದ್ದು ಪೂರ್ತಿ ಹಾಳಾಗಿ ಹೋಗಿದೆ, ಹಾಳಾಗಬಹುದು ಅಂತಲ್ಲ, ಆಗೇ ಹೋಗಿದೆ, ಈಗ ಅದು ಹೇಗಾಯ್ತು ಅಂತ ಐದು ಹತ್ತು ನಿಮಿಷದಲ್ಲಿ ಬರೀರಿ. "ಏನ್ ತೊಂದ್ರೆ ಬರ್ಬಹುದು" ಅಂತ ಕೇಳಿದ್ರೆ ಏನೂ ಬರಲ್ಲ ಬಿಡು ಅನ್ನೋ ನಮ್ಮ ಜನ "ಹಾಳಾಯ್ತು, ಯಾಕೆ" ಅಂದ್ರೆ ಹತ್ತು ಕಾರಣ ಹೇಳ್ತಾರೆ. ಕಾಫಿಗೆ ಅಡ್ವಾನ್ಸ್ ಕೊಡೋ ಮುಂಚೆ ಈಗ ಇದನ್ನ ಮಾಡ್ತೀನಿ, ಮೂರು ಸಲಕ್ಕೆ ಒಂದು ಸಲ ಕೈ ಹಿಂದೆ ತಗೊಂಡಿದೀನಿ.

ಯಾವಾಗ ಓದ್ಬೇಕು ಅನ್ನೋದು ಎರಡನೇದು. ನಮ್ಮ ಕಡೆ ನವೆಂಬರ್ ಡಿಸೆಂಬರಲ್ಲಿ ಅರೇಬಿಕಾ ಕೊಯ್ಲು ಶುರುವಾಗಿ ರೊಬಸ್ಟಾ ಮುಗಿಯೋ ಹೊತ್ತಿಗೆ ಫೆಬ್ರವರಿ ಕಳೆಯುತ್ತೆ, ಆಗ ಗೋಡೌನಲ್ಲಿ ಮಾಲು, ತಲೇಲಿ ರೇಟು, ಮಧ್ಯಾಹ್ನ ಆದ್ರೆ ಲಂಡನ್ ಟರ್ಮಿನಲ್, ಅಂದ್ರೆ ಅಲ್ಲಿನ ಕಾಫಿ ವಾಯಿದಾ ಮಾರ್ಕೆಟ್, ಎಷ್ಟಕ್ಕೆ ಓಪನ್ ಆಯ್ತು ಅನ್ನೋ ಚಿಂತೆ. ಆಗ ನಾನು ಮಾರ್ಕೆಟ್ ಪುಸ್ತಕ ಮುಟ್ಟಲ್ಲ, ಬೇಕಿದ್ರೆ ಕಾದಂಬರಿ ಓದ್ತೀನಿ. ಓದೋದೆಲ್ಲ ಜೂನ್ ಜುಲೈನಲ್ಲಿ, ಹೊರಗೆ ಮಳೆ ಹೊಡೀತಾ ಇರುತ್ತೆ, ಮಾಲೆಲ್ಲ ಖಾಲಿ, ಕರೆಂಟ್ ಇದ್ರೂ ಇಲ್ದಿದ್ರೂ ಒಂದೇ. ಶೇರಿಗೆ ಇಂಥ ಸೀಸನ್ ಇಲ್ಲ, ಸರಿ. ಅದಕ್ಕೆ ಅಲ್ಲಿ ನನ್ನ ನಿಯಮ ಬೇರೆ: ಯಾವ ವಿಷಯದಲ್ಲಿ ದುಡ್ಡು ಸಿಕ್ಕಾಕ್ಕೊಂಡಿದೆಯೋ ಆ ವಿಷಯದ ಅಧ್ಯಾಯ ಓದಲ್ಲ. ಓದಲೇಬೇಕಾದ್ರೆ ನೋಟ್‌ಬುಕ್ಕಲ್ಲಿ ಬರೆದಿದ್ದನ್ನ ಮೊದ್ಲು ಒಂದು ಸಲ ಜೋರಾಗಿ ಓದಿ ಆಮೇಲೆ.

ಈಗ ಯಾವುದರಿಂದ ಶುರು ಮಾಡೋದು. ತುಂಬಾ ಜನ ಗ್ರಹಾಂ ಇಂದ ಶುರು ಮಾಡಿ ನಲವತ್ತನೇ ಪುಟಕ್ಕೆ ಬಿಡ್ತಾರೆ, ಅದರಲ್ಲಿ ಅಮೆರಿಕದ ರೈಲ್ವೆ ಬಾಂಡುಗಳ ಲೆಕ್ಕ ನೋಡಿ ನಿದ್ದೆ ಬರುತ್ತೆ, ಬರಲಿ, ತಪ್ಪೇನಿಲ್ಲ. ನನ್ನ ಪ್ರಕಾರ ಲೆಫೆವ್ರ್ ಪುಸ್ತಕದಿಂದ ಶುರು ಮಾಡಿ, ಕಥೆ ಥರ ಓದಿಸ್ಕೊಂಡು ಹೋಗುತ್ತೆ. ಅದು ಜೆಸ್ಸಿ ಲಿವರ್ಮೋರ್ ಅನ್ನೋ ಅಮೆರಿಕದ ಸಟ್ಟಾ ಆಪರೇಟರ್ ಜೀವನವನ್ನ ಇಟ್ಕೊಂಡು ಬರೆದಿದ್ದು, ಒಳಗೆ ಹೆಸರು ಮಾತ್ರ ಬೇರೆ. ಆದ್ರೆ ಒಂದು ಷರತ್ತು, ಪುಸ್ತಕದಲ್ಲಿಲ್ಲದ ಮುಂದಿನ ಕಥೇನೂ ಜೊತೆಗೆ ಓದ್ಕೊಬೇಕು. ಪುಸ್ತಕ ಬಂದಿದ್ದು 1923ರಲ್ಲಿ. ಆಮೇಲೆ 1929ರ ಕುಸಿತದಲ್ಲಿ ಮಾರ್ಕೆಟ್ ಇಳಿಯುತ್ತೆ ಅಂತ ಶಾರ್ಟ್ ಮಾಡಿ, ಅಂದ್ರೆ ಸಾಲ ತಂದ ಶೇರು ಮೊದ್ಲೇ ಮಾರಿ ಆಮೇಲೆ ಕಮ್ಮಿಗೆ ಕೊಂಡು, ಆ ಮನುಷ್ಯ ದೊಡ್ಡ ದುಡ್ಡು ಮಾಡಿದ, 1934ಕ್ಕೆ ದಿವಾಳಿ, 1940ರಲ್ಲಿ ಆತ್ಮಹತ್ಯೆ. ಅಷ್ಟು ಚೆನ್ನಾಗಿ ನಿಯಮ ಗೊತ್ತಿದ್ದವನೇ ನಿಯಮ ಪಾಲಿಸೋಕೆ ಆಗ್ದೇ ಹೋದ. ಇದನ್ನ ತಿಳ್ಕೊಂಡು ಓದಿದ್ರೆ ಅದೇ ಸಾಲುಗಳು ಬೇರೆ ಥರ ಕೇಳಿಸ್ತವೆ, ತಿಳಿಯದೇ ಓದಿದ್ರೆ ನಾಳೆನೇ ಎಫ್ ಅಂಡ್ ಓ (ಫ್ಯೂಚರ್ಸ್ ಅಂಡ್ ಆಪ್ಷನ್ಸ್, ಮುಂದಿನ ರೇಟಿನ ಮೇಲೆ ಆಡೋ ವ್ಯವಹಾರ) ಅಕೌಂಟ್ ಓಪನ್ ಮಾಡೋಣ ಅನ್ಸುತ್ತೆ. ನನಗೆ ಅನ್ಸಿತ್ತು.

ಎಫ್ ಅಂಡ್ ಓ ವಿಷಯಕ್ಕೆ ಪುಸ್ತಕ ಓದೋ ಮುಂಚೆ ಶೇರ್ ಮಾರ್ಕೆಟ್ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಸೆಬಿಯ ವರದಿ ಓದಿ, ಅದು ಬಿಟ್ಟಿ, ಚಿಕ್ಕದು. 2021-22 ರಿಂದ 2023-24ರವರೆಗಿನ ಮೂರು ವರ್ಷದಲ್ಲಿ ಈಕ್ವಿಟಿ ಎಫ್ ಅಂಡ್ ಓ ಮಾಡಿದ ಒಂದು ಕೋಟಿಗೂ ಜಾಸ್ತಿ ಸಾಮಾನ್ಯ ಜನರಲ್ಲಿ 93 ಪರ್ಸೆಂಟ್ ನಷ್ಟ ಮಾಡ್ಕೊಂಡಿದಾರೆ, ಒಬ್ಬೊಬ್ಬರ ಸರಾಸರಿ ನಷ್ಟ ಸುಮಾರು 2 ಲಕ್ಷ, ಒಟ್ಟು 1.8 ಲಕ್ಷ ಕೋಟಿಗೂ ಮೇಲೆ. ಬ್ರೋಕರೇಜು, ತೆರಿಗೆ ಇವೆಲ್ಲ ಸೇರಿಸಿ ಹಾಕಿದ ಲೆಕ್ಕ ಅದು. ಬಹಳಷ್ಟು ಟ್ರೇಡಿಂಗ್ ಪುಸ್ತಕಗಳಲ್ಲಿ ಈ ಖರ್ಚಿನ ಮಾತು ಒಂದು ಮೂಲೆಯಲ್ಲೂ ಇರಲ್ಲ ನೋಡಿ. ನಾನು ಆ 93ರಲ್ಲಿ ಒಬ್ಬ, ಎಷ್ಟು ಅಂತ ಮನೇಲೂ ಪೂರ್ತಿ ಹೇಳಿಲ್ಲ.

ಆಮೇಲೆ ಗ್ರಹಾಂ, ಪೂರ್ತಿ ಬೇಡ. ವಾರನ್ ಬಫೆಟ್ ಆ ಪುಸ್ತಕಕ್ಕೆ ಬರೆದ ಮುನ್ನುಡಿಯಲ್ಲೇ 8 ಮತ್ತು 20ನೇ ಅಧ್ಯಾಯ ಗಮನ ಕೊಟ್ಟು ಓದಿ ಅಂತಾರೆ, ನಾನು 8 ಓದಿ 20 ಬಿಟ್ಟಿದ್ದೆ, ನನ್ನ ಪಂಪ್‌ಸೆಟ್ ಕಥೆ ಅಲ್ಲೇ ಎಡವಿದ್ದು. 20ರಲ್ಲಿರೋದು ಮಾರ್ಜಿನ್ ಆಫ್ ಸೇಫ್ಟಿ. ಇಂಗ್ಲಿಷಲ್ಲಿ ನಾಲ್ಕು ಸಲ ಓದಿದ್ರೂ ತಲೆಗೆ ಹೋಗ್ಲಿಲ್ಲ, ಒಂದಿನ ಅಪ್ಪನ ಹಳೇ ಅಡ್ವಾನ್ಸ್ ಪುಸ್ತಕ ತಿರುವಿ ಹಾಕ್ತಿದ್ದಾಗ ತಟ್ಟಂತ ಗೊತ್ತಾಯ್ತು. ಬೆಳೆಗಾರರು ಬಂದು ಈ ಸಲ ನೂರು ಚೀಲ ಆಗುತ್ತೆ ಅಂತಾರೆ. ಅಪ್ಪ ತಾನೇ ತೋಟಕ್ಕೆ ಹೋಗಿ ಗಿಡ ಗಿಡ ನೋಡಿ, ಎಂಬತ್ತು ಅಂತ ಮನಸ್ಸಲ್ಲಿ ಅಂದ್ಕೊಂಡು, ಅರವತ್ತು ಚೀಲದ ಲೆಕ್ಕಕ್ಕೆ ಅಡ್ವಾನ್ಸ್ ಕೊಡ್ತಿದ್ರು, ಅದೂ ಅವತ್ತಿನ ರೇಟಿಗಿಂತ ಒಂಚೂರು ಕೆಳಗೆ ಹಿಡಿದು. ಮಳೆ ಜಾಸ್ತಿಯಾಗಿ ಕಾಯಿ ಉದುರಬಹುದು, ಕಾಂಡಕೊರಕ ಬೀಳಬಹುದು, ಒಣಗಿಸೋವಾಗ ಮೋಡ ಹಾಕ್ಬಹುದು, ಎಲ್ಲದಕ್ಕೂ ಸೇರಿ ಆ ಇಪ್ಪತ್ತು ಚೀಲ. ಗ್ರಹಾಂ ಹೇಳೋದು ಅಷ್ಟೇ. ಆದ್ರೆ ಗಮನಿಸಿ, ಅಪ್ಪ ಮೊದ್ಲು ತೋಟಕ್ಕೆ ಹೋಗ್ತಿದ್ರು. ನಾನು ಪಂಪ್‌ಸೆಟ್ ಕಂಪನಿಯ ಬ್ಯಾಲೆನ್ಸ್ ಶೀಟ್ ತೆಗೆದೇ ನೋಡಿರ್ಲಿಲ್ಲ, ಎಂಬತ್ತು ಅಂತ ಅಂದಾಜು ಮಾಡ್ದೇ ಅರವತ್ತಕ್ಕೆ ಕೊಡೋದು ಹೇಗೆ? ಮಿಸ್ಟರ್ ಮಾರ್ಕೆಟ್ಟಿಗೆ ತಲೆ ಕೆಟ್ಟಿದೆ ಅನ್ನೋ ಹಕ್ಕು ತೋಟ ನೋಡ್ಕೊಂಡು ಬಂದವನಿಗೆ ಮಾತ್ರ.

ಪೀಟರ್ ಲಿಂಚ್ ಅವರ 1989ರ 'ಒನ್ ಅಪ್ ಆನ್ ವಾಲ್ ಸ್ಟ್ರೀಟ್' ಕೂಡ ಹೀಗೇ ಅರ್ಧ ಓದಿ ಕೆಟ್ಟವರು ಜಾಸ್ತಿ. ನಿಮಗೆ ಗೊತ್ತಿರೋದ್ರಲ್ಲಿ ಹಾಕಿ ಅಂತ ಹೇಳಿದಾರೆ ಅಂತ ಎಲ್ಲರಿಗೂ ಗೊತ್ತು, ಅದು ಬರೀ ಶುರು, ಅಲ್ಲಿಂದ ಮುಂದೆ ಲೆಕ್ಕಪತ್ರ ನೋಡ್ಲೇಬೇಕು ಅಂತಾನೂ ಹೇಳಿದಾರೆ, ಅದು ಯಾರಿಗೂ ನೆನಪಿರಲ್ಲ. ನಮ್ಮ ತೋಟದಲ್ಲಿ ಆ ಪಂಪು ಚೆನ್ನಾಗಿ ಓಡುತ್ತಲ್ಲ ಅಂತಾನೇ ನಾನು ತಗೊಂಡಿದ್ದು. ಪಂಪು ಈಗ್ಲೂ ಚೆನ್ನಾಗೇ ಓಡ್ತಿದೆ.

ಕಾಹ್ನೆಮನ್ ಪುಸ್ತಕ ದಪ್ಪ. ಒಂದೇ ಸಲಕ್ಕೆ ಮುಗಿಸ್ತೀನಿ ಅಂತ ಕೂರಬೇಡಿ, ದಿನಕ್ಕೆ ಒಂದು ಅಧ್ಯಾಯ, ಅಧ್ಯಾಯಗಳು ಚಿಕ್ಕವು. ನಾಣ್ಯ ಚಿಮ್ಮಿ ಸೋತ್ರೆ ನೂರು ಕೊಡ್ಬೇಕು, ಗೆದ್ರೆ ಎಷ್ಟು ಸಿಕ್ಕಿದ್ರೆ ಆಡ್ತೀರ ಅಂತ ಕೇಳಿದ್ರೆ ಹೆಚ್ಚಿನವರು ಇನ್ನೂರರ ಹತ್ತಿರ ಕೇಳ್ತಾರೆ, ಅಂದ್ರೆ ನಷ್ಟದ ನೋವು ಲಾಭದ ಖುಷಿಗಿಂತ ಸುಮಾರು ಎರಡರಷ್ಟು. ಅವರು ಮತ್ತೆ ಏಮಸ್ ಟ್ವೆರ್ಸ್ಕಿ ಸೇರಿ 1979ರಲ್ಲಿ ಬರೆದ ಸಿದ್ಧಾಂತದ ಬೇರು ಇದು, 2002ರಲ್ಲಿ ಕಾಹ್ನೆಮನ್‌ಗೆ ನೊಬೆಲ್ ಬಂತು. ಲಾಭದ ಶೇರು ಬೇಗ ಮಾರಿ ನಷ್ಟದ್ದನ್ನ ವರ್ಷಗಟ್ಟಲೆ ಸಾಕೋದು ಯಾಕೆ ಅನ್ನೋದಕ್ಕೆ ಉತ್ತರ ಇಲ್ಲಿದೆ. ಆದ್ರೆ ಇದನ್ನೂ ಕಣ್ಣು ಮುಚ್ಚಿ ನುಂಗಬೇಡಿ, ಪ್ರೈಮಿಂಗ್, ಅಂದ್ರೆ ಮೊದ್ಲು ಕಂಡ ಕೇಳಿದ ಸಣ್ಣ ವಿಷಯ ಗೊತ್ತಿಲ್ಲದೇ ನಮ್ಮ ನಡತೆ ಬದಲಿಸುತ್ತೆ ಅನ್ನೋದರ ಬಗ್ಗೆ ಇರೋ ಅಧ್ಯಾಯದಲ್ಲಿ ಹೇಳಿದ ಪ್ರಯೋಗಗಳನ್ನ ಜಾಸ್ತಿ ನಂಬಿಬಿಟ್ಟೆ ಅಂತ 2017ರಲ್ಲಿ ಕಾಹ್ನೆಮನ್ ಅವರೇ ಒಪ್ಕೊಂಡ್ರು. ಅಷ್ಟು ದೊಡ್ಡ ಮನುಷ್ಯ ಹಾಗೆ ಒಪ್ಕೊಂಡ ಮೇಲೆ ನನಗೆ ಉಳಿದ ಪುಸ್ತಕದ ಮೇಲೆ ನಂಬಿಕೆ ಜಾಸ್ತಿ ಆಯ್ತು ಅನ್ನೋದು ಬೇರೆ ಮಾತು.

ಓದಿದ ಮಾತ್ರಕ್ಕೆ ಬುದ್ಧಿ ಬರುತ್ತಾ? ಬರಲ್ಲ ಮಾರಾಯ್ರೆ. ಮೊದಲು ಕಂಡ ನಂಬರಿಗೆ ಮನಸ್ಸು ಗೂಟ ಹೊಡ್ಕೊಂಡು ಕೂರುತ್ತೆ ಅನ್ನೋ ಆ್ಯಂಕರಿಂಗ್ ಅಧ್ಯಾಯ ನಾನು ಎರಡು ಸಲ ಓದಿದೀನಿ, ಪೆನ್ಸಿಲಲ್ಲಿ ಗೆರೆ ಎಳ್ದಿದೀನಿ. 2024ರ ಶುರುವಲ್ಲಿ ರೊಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಐವತ್ತು ಕೆಜಿ ಚೀಲ ಆರು ಸಾವಿರದ ಮೇಲೆ ಹೋಯ್ತು. ಮೂರು ಮೂರೂವರೆ ಸಾವಿರದ ರೇಟು ನೋಡ್ಕೊಂಡೇ ಬೆಳೆದ ತಲೆ ನಂದು, ಇದಕ್ಕಿಂತ ಇನ್ನೇನ್ ಏರುತ್ತೆ ಅಂತ ಇದ್ದ ಮಾಲೆಲ್ಲ ಒಂದೇ ದಿನ ಲೋಡ್ ಮಾಡಿ ಕಳಿಸ್ಬಿಟ್ಟೆ. ವಿಯೆಟ್ನಾಮಲ್ಲಿ ಬರ, ಅಲ್ಲಿಂದ ಮಾಲಿಲ್ಲ, ಏಪ್ರಿಲ್‌ಗೆ ಹತ್ತು ಸಾವಿರ ದಾಟ್ತು. ಗೆರೆ ಎಳೆದ ಪುಟ ಬೀರುವಿನಲ್ಲೇ ಇತ್ತು. ಇಷ್ಟು ವರ್ಷ ಇದನ್ನೇ ಅಧ್ಯಯನ ಮಾಡಿದ್ರೂ ನನ್ನ ತಪ್ಪುಗಳು ಅಷ್ಟೇನೂ ಕಮ್ಮಿ ಆಗಿಲ್ಲ ಅಂತ ಕಾಹ್ನೆಮನ್ನೇ ಪುಸ್ತಕದ ಕೊನೇಲಿ ಹೇಳ್ಕೊಂಡಿದಾರೆ, ಅದನ್ನ ಓದಿ ಸ್ವಲ್ಪ ಸಮಾಧಾನ ಆಯ್ತು.

ಅದಕ್ಕೆ ಈಗ ಏನ್ ಮಾಡ್ತೀನಿ ಅಂದ್ರೆ, ಒಂದು ಅಧ್ಯಾಯ ಮುಗಿದ ಮೇಲೆ ಅದರಿಂದ ಒಂದೇ ಒಂದು ನಿಯಮ, ನನ್ನ ವ್ಯಾಪಾರದ ಭಾಷೇಲಿ, ನೋಟ್‌ಬುಕ್ಕಿನ ಹಿಂದಿನ ಪುಟಕ್ಕೆ ಬರೀತೀನಿ. ಆ್ಯಂಕರಿಂಗ್ ಅಂತ ಬರೆದ್ರೆ ಪ್ರಯೋಜನ ಇಲ್ಲ. "ಮಾಲು ನಾಲ್ಕು ಪಾಲು ಮಾಡು, ಒಂದು ತಿಂಗಳಲ್ಲಿ ಒಂದು ಪಾಲಿಗಿಂತ ಜಾಸ್ತಿ ಮಾರಬೇಡ" ಅಂತ ಬರೆದ್ರೆ ಅದನ್ನ ಗೋಡೌನಿನ ಹುಡುಗನೂ ಓದಿ ನನಗೆ ಅಡ್ಡ ಬರಬಹುದು. ನಿಯಮ ಅಂದ್ರೆ ಹಾಗಿರ್ಬೇಕು, ಮೂರನೆಯವರು ನೋಡಿ ಇವನು ಮುರಿದ ಅಂತ ಹೇಳೋ ಹಾಗೆ. ವರ್ಷಕ್ಕೆ ನಾಲ್ಕೈದು ನಿಯಮ ಸಿಕ್ಕಿದ್ರೆ ಬಹಳ ಆಯ್ತು, ಹಿಂದಿನ ಪುಟ ತುಂಬಿ ಹೋದ್ರೆ ಯಾವುದನ್ನೂ ಪಾಲಿಸ್ತಿಲ್ಲ ಅಂತ ಲೆಕ್ಕ.

ನಸೀಮ್ ತಾಲೆಬ್ ಅವರ 'ಫೂಲ್ಡ್ ಬೈ ರಾಂಡಮ್‌ನೆಸ್' (2001) ಬಗ್ಗೆ ಒಂದು ಎಚ್ಚರಿಕೆ ಇದೆ. ಇದನ್ನ ದುಡ್ಡು ಬಂದಾಗ ಓದಿ, ಹೋದಾಗ ಬೇಡ. ಹೋದಾಗ ಓದಿದ್ರೆ ಎಲ್ಲಾ ಅದೃಷ್ಟ ಕಣ್ರಿ, ನಂದೇನ್ ತಪ್ಪಿಲ್ಲ ಅನ್ನೋಕೆ ಒಳ್ಳೆ ನೆಪ ಸಿಗುತ್ತೆ. ಬಂದಾಗ ಓದಿದ್ರೆ ಕಹಿ ಕಷಾಯ. ಅದರಲ್ಲಿ ರಷ್ಯನ್ ರೂಲೆಟ್ ಉದಾಹರಣೆ ಬರುತ್ತೆ, ಆರು ಗುಂಡಿನ ರಿವಾಲ್ವರಲ್ಲಿ ಒಂದು ಗುಂಡು ಹಾಕಿ ತಲೆಗಿಟ್ಟು ಒತ್ತಿದ್ರೆ ಒಂದು ಕೋಟಿ ಡಾಲರ್, ಆರಕ್ಕೆ ಐದು ಸಲ ದುಡ್ಡು ಬರುತ್ತೆ, ಬದುಕಿದವನನ್ನ ಊರೆಲ್ಲ ಹೊಗಳುತ್ತೆ. ನನ್ನ ಪರಿಚಯದ ಒಬ್ಬರು ಎಕ್ಸ್‌ಪೈರಿ ದಿನ, ಅಂದ್ರೆ ಆಪ್ಷನ್ ಅವಧಿ ಮುಗಿಯೋ ದಿನ, ಆಪ್ಷನ್ ಮಾರಿ ಒಂದೂವರೆ ವರ್ಷ ವಾರ ವಾರ ಸಂಪಾದನೆ ಮಾಡಿದ್ರು, ನಮಗೆಲ್ಲ ಹೇಳ್ಕೊಟ್ರು ಕೂಡ. ಆಮೇಲೆ ಒಂದೇ ಮಧ್ಯಾಹ್ನ ಒಂದೂವರೆ ವರ್ಷದ್ದೂ ಹೋಯ್ತು, ಅದರ ಮೇಲೆ ಇನ್ನಷ್ಟೂ ಹೋಯ್ತು.

ಹೊಸ ಪುಸ್ತಕ ಕೊಳ್ಳೋದು ಹೇಗೆ ಅಂತಾನೂ ಕೇಳ್ತಾರೆ. ಕಾಫಿ ಕೊಳ್ಳೋ ಹಾಗೇ. ಚೀಲದ ಬಾಯಿ ಬಿಚ್ಚಿ ಮೇಲಿನದ್ದನ್ನ ನೋಡಿ ಯಾರೂ ರೇಟು ಹೇಳಲ್ಲ, ಮಧ್ಯಕ್ಕೆ ಚುಚ್ಚಿ ಸ್ಯಾಂಪಲ್ ತೆಗೀತೀವಿ, ಸಿಪ್ಪೆ ಬಿಡಿಸಿ ಔಟ್‌ಟರ್ನ್, ಅಂದ್ರೆ ಒಳಗಿನ ಬೀಜ, ಎಷ್ಟು ಬಂತು, ಮಾಯಿಶ್ಚರ್ ಎಷ್ಟಿದೆ ನೋಡ್ತೀವಿ. ಪುಸ್ತಕದ ಮೊದಲ ಅಧ್ಯಾಯ ಯಾವಾಗ್ಲೂ ಚೆನ್ನಾಗೇ ಇರುತ್ತೆ, ಮಧ್ಯದ್ದು ಒಂದು ಓದಿ. ಬರೆದವನು ತಾನು ಕಳ್ಕೊಂಡಿದ್ದನ್ನ ಎಲ್ಲಾದ್ರೂ ನಂಬರ್ ಸಮೇತ ಹೇಳಿದಾನಾ ನೋಡಿ. ಒಂದೂ ಇಲ್ಲ ಅಂದ್ರೆ ಒದ್ದೆ ಮಾಲು, ತೂಕ ಮಾತ್ರ ಜಾಸ್ತಿ. ತಿಂಗಳಿಗೆ ಇಷ್ಟು ಗ್ಯಾರಂಟಿ ಅನ್ನೋ ಥರದ್ದನ್ನ ಕೈಯಲ್ಲೂ ಮುಟ್ಬೇಡಿ.

ಇಂಗ್ಲಿಷ್ ಬಗ್ಗೆ ಹೆದರ್ಕೋಬೇಡಿ. ನಾನು ಓದಿದ್ದು ಕನ್ನಡ ಮೀಡಿಯಂ, ಡಿಗ್ರಿ ಮುಗಿಸಿದ್ರೂ ಇಂಗ್ಲಿಷ್ ಪುಸ್ತಕ ಒಂದೂ ಪೂರ್ತಿ ಓದಿರ್ಲಿಲ್ಲ. ದಿನಕ್ಕೆ ಎರಡೇ ಪುಟ, ಗೊತ್ತಿಲ್ಲದ ಪದಕ್ಕೆಲ್ಲ ಡಿಕ್ಷನರಿ ನೋಡಲ್ಲ, ಮೂರನೇ ಸಲ ಬಂದ ಪದಕ್ಕೆ ಮಾತ್ರ ನೋಡೋದು. ಈ ಪುಸ್ತಕಗಳಲ್ಲಿ ತಿರುಗಿ ತಿರುಗಿ ಬರೋ ಪದ ಒಂದು ಮೂವತ್ತು ಇರಬಹುದು ಅಷ್ಟೇ. ಮುಗಿದ ಮೇಲೆ ಆ ಎರಡು ಪುಟದಲ್ಲಿ ಏನಿತ್ತು ಅಂತ ಹೆಂಡತಿಗೋ ಗೋಡೌನಲ್ಲಿ ಸಿಕ್ಕಿದವರಿಗೋ ಕನ್ನಡದಲ್ಲಿ ಹೇಳಿ ನೋಡಿ. ನಮ್ಮಲ್ಲಿಗೆ ಬರೋ ಒಬ್ಬರು ವಯಸ್ಸಾದ ರೈಟ್ರಿಗೆ ಮಿಸ್ಟರ್ ಮಾರ್ಕೆಟ್ ಕಥೆ ಹೇಳಿದೆ, ಪೂರ್ತಿ ಕೇಳಿ, "ಆ ಪಾರ್ಟ್‌ನರಿಗೆ ನೀವು ಸಾಲ ತೀರಿಸೋದಿದ್ಯಾ?" ಅಂದ್ರು. ಅಂದ್ರೆ ಸಾಲ ಇದ್ರೆ ಅವನು ಹೇಳಿದ ರೇಟಿಗೆ ಮಾರ್ಲೇಬೇಕಲ್ಲ, ಆಗ ಅವನ ಮಾತು ಕೇಳಲ್ಲ ಅನ್ನೋದು ಎಲ್ಲಿ ಬಂತು. ಮಾರ್ಜಿನ್ ದುಡ್ಡಲ್ಲಿ, ಅಂದ್ರೆ ಬ್ರೋಕರ್ ಕೊಟ್ಟ ಸಾಲದಲ್ಲಿ, ಶೇರು ತಗೊಳ್ಳೋರಿಗೆ ಇದಕ್ಕಿಂತ ಚೆನ್ನಾಗಿ ಹೇಳೋಕಾಗಲ್ಲ, ಅವತ್ತೇ ಹಿಂದಿನ ಪುಟಕ್ಕೆ ಬರ್ಕೊಂಡೆ.

ಕೊನೇದು, ಮಲೆನಾಡಲ್ಲಿ ಪುಸ್ತಕ ಇಡೋ ವಿಷಯ. ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತೆ, ನನ್ನ ಮೊದಲನೇ ಗ್ರಹಾಂ ಹಾಗೇ ಹೋಯ್ತು. ಗೋಡೆಗೆ ಅಂಟಿಸಿ ಬೀರು ಇಡ್ಬೇಡಿ, ನಾಲ್ಕು ಬೆರಳು ಜಾಗ ಬಿಡಿ, ಒಳಗೆ ಕೆಳಗಡೆ ಒಂದು ಹಳೇ ಥರದ ಜೀರೋ ಬಲ್ಬ್ ಹಾಕಿ ಜೂನಿಂದ ಸೆಪ್ಟೆಂಬರ್‌ವರೆಗೂ ಉರೀಲಿ, ಎಲ್‌ಇಡಿ ಆಗಲ್ಲ, ಅದು ಬಿಸಿ ಬರಲ್ಲ. ಆ ನೋಟ್‌ಬುಕ್ಕನ್ನೂ ಅಲ್ಲೇ ಇಡಿ, ಪುಸ್ತಕ ಹೋದ್ರೆ ಇನ್ನೊಂದು ತರಿಸಬಹುದು.